ಉಳ್ಳಾಗಡ್ಡಿ ಸಿಪ್ಪೆಯ ಪುಡಿ

ನನಗೆ ಸಿಟ್ಟು ಮೂಗಿನ ತುದಿಯಲ್ಲೇ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ಮುಂದೆ ಹೇಳುವುದರಲ್ಲಿ ಅರ್ಧ ಆ ಸಿಟ್ಟಿನಿಂದಲೇ ಆದದ್ದು. ಕುರುಗೋಡಿನ ಒಂದು ಹೈಸ್ಕೂಲಿನಲ್ಲಿ ಇಪ್ಪತ್ತಾರು ವರ್ಷಗಳಿಂದ ವಿಜ್ಞಾನ ಕಲಿಸುತ್ತಿದ್ದೇನೆ. ಮನೆ ಬಳ್ಳಾರಿಯ ಪಾರ್ವತಿನಗರದಲ್ಲಿ. ಬೆಳಿಗ್ಗೆ ಒಂದು ಬಸ್ಸು, ಸಂಜೆ ಒಂದು ಬಸ್ಸು. ಮದುವೆ ಆಗಲಿಲ್ಲ. ಯಾಕೆ ಎಂದು ಕೇಳಿದವರಿಗೆ, ನನ್ನ ಬಾಯಿಗೆ ಹೆದರಿ ಒಬ್ಬನೂ ಬರಲಿಲ್ಲ ಎಂದು ನಾನೇ ಹೇಳಿ ನಗಿಸುತ್ತಿದ್ದೆ. ಮನೆಯಲ್ಲಿ ನಾವಿಬ್ಬರೇ, ನಾನು ಮತ್ತು ನನಗಿಂತ ಆರು ವರ್ಷ ಚಿಕ್ಕವಳಾದ ತಂಗಿ.

ತಂಗಿ ಸಿರುಗುಪ್ಪದ ಒಂದು ಕಚೇರಿಯಲ್ಲಿ ಗುಮಾಸ್ತೆಯಾಗಿದ್ದಳು. ಮುತ್ತು ಪೋಣಿಸಿದಂಥ ಅಕ್ಷರ ಅವಳದು. ಅಮ್ಮ ತೀರಿಕೊಂಡ ಮರುವರ್ಷ ಅವಳಿಗೆ ಏನೋ ಆಯಿತು. ಮೊದಮೊದಲು ಬಸ್ಸು ತಪ್ಪಿತು ಎಂದು ವಾಪಸು ಬರುತ್ತಿದ್ದಳು, ಆಮೇಲೆ ಸ್ಟ್ಯಾಂಡಿನ ತನಕವೂ ಹೋಗಲಿಲ್ಲ, ಕೊನೆಗೆ ಗೋಡೆಗೆ ಮುಖ ಮಾಡಿ ಮಲಗಿದವಳು ಏಳುವುದನ್ನೇ ಬಿಟ್ಟಳು. ನಾನು ಬೈದೆ. ಮೈಗಳ್ಳತನ ಅಂದೆ, ದುಃಖ ನಿನಗೊಬ್ಬಳಿಗೇ ಏನು, ಅಮ್ಮ ನನಗೂ ಅಮ್ಮನೇ ಅಂದೆ. ಒಂದು ಸಂಜೆ ಶಾಲೆಯಿಂದ ಬಂದು ನೋಡಿದರೆ, ಬೆಳಿಗ್ಗೆ ಅವಳ ತಲೆಯ ಹತ್ತಿರ ಇಟ್ಟು ಹೋದ ಕಾಫಿ ಇಟ್ಟ ಹಾಗೇ ಇತ್ತು, ಮೇಲೆ ಕೆನೆ ಕಟ್ಟಿ ಇರುವೆ ಮುತ್ತಿದ್ದವು. ‘ಅಕ್ಕಾ, ನನಗ ಬದುಕೋದೇ ಬ್ಯಾಸರಾಗೇದ’ ಎಂದಳು, ಗೋಡೆಯ ಕಡೆಯಿಂದ ತಿರುಗದೆ. ಮರುದಿನ ರಜೆ ಹಾಕಿ ಅವಳನ್ನು ಬಳ್ಳಾರಿಯಲ್ಲೇ ಒಬ್ಬರು ಮನೋವೈದ್ಯೆಯ ಹತ್ತಿರ ಕರೆದುಕೊಂಡು ಹೋದೆ.

ಗುಳಿಗೆ ಶುರುವಾದವು. ಗುಳಿಗೆಯ ಪಟ್ಟಿಯನ್ನು ರೋಗಿಯ ಕೈಗೆ ಕೊಡಬೇಡಿ, ನಿಮ್ಮ ಹತ್ತಿರವೇ ಬೀಗ ಹಾಕಿ ಇಡಿ ಎಂದು ವೈದ್ಯೆ ಹೇಳಿದ್ದರು. ಹಾಗಾಗಿ ಪ್ರತಿ ಸಂಜೆ ದೀಪ ಹಚ್ಚಿದ ಮೇಲೆ ನಾನು ಬೀರು ತೆಗೆದು, ಒಂದು ಗುಳಿಗೆಯನ್ನು ಸ್ಟೀಲಿನ ಬಟ್ಟಲಿಗೆ ಹಾಕಿ ಅವಳ ಮುಂದೆ ಇಡುತ್ತಿದ್ದೆ. ಅವಳು ಅದೇನು ಎಂದು ಕೇಳುತ್ತಿರಲಿಲ್ಲ. ಬಾಯಿಗೆ ಹಾಕಿಕೊಂಡು ನೀರು ಕುಡಿಯುತ್ತಿದ್ದಳು. ಎರಡು ವರ್ಷ ಹೀಗೇ ನಡೆಯಿತು. ಗೋಡೆ ಬಿಟ್ಟು ಎದ್ದು ಕೂತಳು, ಸ್ನಾನ ಮಾಡಿದಳು, ಅಷ್ಟೇ. ಸಂಬಳವಿಲ್ಲದ ರಜೆಯನ್ನು ಮುಂದುವರಿಸುತ್ತಲೇ ಇದ್ದೆವು, ಕಚೇರಿಗೆ ಹೋಗುವ ಮಾತು ತೆಗೆದರೆ ಬೆವರುತ್ತಿದ್ದಳು.

ಆ ವರ್ಷದ ಜೂನ್ ತಿಂಗಳಲ್ಲಿ ನಮಗೆ, ವಿಜ್ಞಾನದ ಶಿಕ್ಷಕರಿಗೆ, ಒಂದು ತರಬೇತಿ ಇತ್ತು. ಇಂಥ ತರಬೇತಿಗಳಲ್ಲಿ ನಾನು ಹಿಂದೆ ಕೂತು ಉತ್ತರಪತ್ರಿಕೆ ತಿದ್ದುವವಳು. ಆ ದಿನ ಮಾತ್ರ ಪೆನ್ನು ಕೆಳಗಿಟ್ಟೆ. ಉಪನ್ಯಾಸಕ್ಕೆ ಬಂದಿದ್ದವರು ಆಹಾರ ಮತ್ತು ಮನಸ್ಸಿನ ಬಗ್ಗೆ ಮಾತಾಡಿದರು. ಮಿದುಳಿನಲ್ಲಿ ಮನಸ್ಸನ್ನು ಹಗುರವಾಗಿಡುವ ಸೆರೊಟೋನಿನ್‌ನಂಥ ರಸಾಯನಗಳು ಇರುತ್ತವೆ. ಅವುಗಳನ್ನು ಒಡೆದು ಮುಗಿಸಲಿಕ್ಕೆ ಒಂದು ಕಿಣ್ವ ಇದೆ, ಮೊನೊಅಮೈನ್ ಆಕ್ಸಿಡೇಸ್ ಎಂದು. ಉಣ್ಣುವವರು ಏಳುವ ಮೊದಲೇ ಎಲೆ ಎತ್ತಿಕೊಂಡು ಹೋಗುವ ಅವಸರದವಳ ಹಾಗೆ ಅದರ ಕೆಲಸ. ಸೊಪ್ಪು, ಹಣ್ಣು, ತರಕಾರಿಗಳಿಗೆ ಬಣ್ಣ ಕೊಡುವ ಫ್ಲೇವನಾಯ್ಡ್ ಎಂಬ ಪದಾರ್ಥಗಳು ಪ್ರಯೋಗಾಲಯದಲ್ಲಿ ಈ ಕಿಣ್ವದ ಕೈಯನ್ನು ಹಿಡಿದು ನಿಲ್ಲಿಸುತ್ತವೆ ಎಂದರು. ಖಿನ್ನತೆಗೆ ಕೊಡುವ ಹಳೆಯ ಕಾಲದ ಕೆಲವು ಔಷಧಿಗಳು ಮಾಡುತ್ತಿದ್ದದ್ದೂ ಇದನ್ನೇ ಎಂದರು. ಉಳ್ಳಾಗಡ್ಡಿಯಲ್ಲಿ, ಅವರ ಮಾತಿನಲ್ಲಿ ಈರುಳ್ಳಿಯಲ್ಲಿ, ಈ ಪದಾರ್ಥ ಬಹಳ, ಅದರಲ್ಲೂ ನಾವು ಸುಲಿದು ಎಸೆಯುವ ಹೊರಗಿನ ಸಿಪ್ಪೆಯಲ್ಲಿ ಇನ್ನೂ ಬಹಳ ಎಂದೂ ಹೇಳಿದರು. ‘ಪ್ರಯೋಗಾಲಯದಲ್ಲಿ’ ಎಂಬ ಮಾತನ್ನು ಅವರು ಎರಡು ಸಲ ಹೇಳಿದ್ದು ನನಗೆ ಈಗಲೂ ನೆನಪಿದೆ. ಆ ದಿನ ನನ್ನ ಕಿವಿಗೆ ಅದು ಬೀಳಲಿಲ್ಲ.

ಅದೇ ತಿಂಗಳಲ್ಲಿ ವೈದ್ಯೆ ತಂಗಿಯ ಗುಳಿಗೆಯ ಪ್ರಮಾಣ ಹೆಚ್ಚಿಸಿದರು. ಬಲ ತೋರಿಸಲಿಕ್ಕೆ ಒಂದು ತಿಂಗಳಾದರೂ ಬೇಕು, ಅವಸರ ಮಾಡಬೇಡಿ ಎಂದರು. ನಾನು ಆಯಿತು ಎಂದು ತಲೆ ಆಡಿಸಿ, ಔಷಧದಂಗಡಿಯ ಸಾಲಿನಲ್ಲಿ ನಿಲ್ಲುವಷ್ಟರಲ್ಲೇ ಅದನ್ನು ಮರೆತಿದ್ದೆ.

ಆಮೇಲೆ ಆಷಾಢದ ಪ್ರಥಮ ಏಕಾದಶಿ ಬಂತು. ತಂಗಿ ಬೆಳಿಗ್ಗೆಯೇ ಎದ್ದು, ಯಾರೂ ಹೇಳದೆ, ಆಟೋ ಹಿಡಿದು ಮಠಕ್ಕೆ ಹೋಗಿ ಕಾಯಿಸಿದ ಶಂಖ-ಚಕ್ರದ ಮುದ್ರೆ ಹಾಕಿಸಿಕೊಂಡು ಬಂದಳು. ತೋಳ ಮೇಲೆ ಕೆಂಪಗೆ ಸುಟ್ಟ ಗುರುತು. ಚಾತುರ್ಮಾಸ್ಯ ಹಿಡಿಯುತ್ತೇನೆ, ಈ ತಿಂಗಳು ಶಾಕವ್ರತ ಎಂದಳು. ಅಂದರೆ ಒಂದು ತಿಂಗಳು ಕಾಯಿಪಲ್ಯ ಇಲ್ಲ, ಸೊಪ್ಪು ಇಲ್ಲ, ಹಸಿಮೆಣಸಿನಕಾಯಿ ಇಲ್ಲ, ಹುಣಸೆಹಣ್ಣು ಇಲ್ಲ. ಅನ್ನ, ಹೆಸರುಬೇಳೆ, ಮೆಣಸು-ಜೀರಿಗೆಯ ಸಾರು, ಹಾಲು, ಮೊಸರು, ಮಾವಿನಕಾಯಿ. ನಮ್ಮಮ್ಮ ಜೀವ ಇರುವ ತನಕ ಮಾಡಿದ್ದಳು. ನನ್ನ ತಲೆಯಲ್ಲಿ ತರಬೇತಿಯ ಮಾತುಗಳು ಇನ್ನೂ ಬಿಸಿಯಾಗಿದ್ದವು. ಮಿದುಳಿಗೆ ಸೊಪ್ಪು-ತರಕಾರಿ ಬೇಕೇ ಬೇಕು ಎಂದು ಈಗ ಗೊತ್ತಾಗಿದೆ, ಇವಳು ನೋಡಿದರೆ ಈಗಲೇ ಬಾಗಿಲು ಹಾಕುತ್ತಿದ್ದಾಳೆ! ಎದ್ದು ಕೂರಲಿಕ್ಕೆ ತ್ರಾಣ ಇಲ್ಲದವಳಿಗೆ ಇದೆಂಥ ವ್ರತ ಎಂದು ಕೂಗಾಡಿದೆ. ಅವಳು ಕೂಗಲಿಲ್ಲ. ‘ಅಕ್ಕಾ, ಇದೊಂದಾದ್ರೂ ನನ್ನ ಕೈಲಾಗ್ತದ ಅಂತ ನನಗ ಅನ್ನಿಸ್ಲಿ. ಬ್ಯಾಡ ಅನಬ್ಯಾಡ’ ಎಂದಳು. ಎರಡು ವರ್ಷದಲ್ಲಿ ಅವಳು ಬೇಕು ಎಂದು ಕೇಳಿದ್ದು ಅದೊಂದೇ. ನನಗೆ ಅದು ಕೇಳಿಸಿತು, ಕೇಳಿಸಿಯೂ ಸಿಟ್ಟು ಇಳಿಯಲಿಲ್ಲ.

ಅವಳಿಗೆ ತಿಳಿಯದ ಹಾಗೆ ಸಾರಿಗೆ ನುಗ್ಗೆಸೊಪ್ಪಿನ ಪುಡಿ ಹಾಕಿದರೆ ಹೇಗೆ ಎಂದು ಮೊದಲು ಯೋಚಿಸಿದೆ. ಅದು ಹಸಿರು, ಸಾರಿನಲ್ಲಿ ಕಂಡುಬಿಡುತ್ತದೆ. ಉಳ್ಳಾಗಡ್ಡಿಯ ಒಣ ಸಿಪ್ಪೆಯ ಪುಡಿ ಹಾಗಲ್ಲ, ಹುರಿದ ಜೀರಿಗೆಯ ಬಣ್ಣ. ನಮ್ಮ ಮನೆಯ ಹೊಸ್ತಿಲು ದಾಟಿ ಉಳ್ಳಾಗಡ್ಡಿ ಎಂದೂ ಬಂದದ್ದಿಲ್ಲ, ಇದು ಊರಿಗೆಲ್ಲ ಗೊತ್ತು. ನಾನು ಮಾತ್ರ ಕುರುಗೋಡಿನ ಬಸ್‌ಸ್ಟ್ಯಾಂಡಿನಲ್ಲಿ ಮಂಡಕ್ಕಿ ಉಗ್ಗಾಣಿ, ಮಿರ್ಚಿ ಬಜ್ಜಿಯ ಜೊತೆ ಹಸಿ ಉಳ್ಳಾಗಡ್ಡಿ ಕಡಿದು, ಬಸ್ಸು ಹತ್ತುವ ಮೊದಲು ಏಲಕ್ಕಿ ಅಗಿಯುವವಳು. ಇಪ್ಪತ್ತು ವರ್ಷದಿಂದ ನನಗೇನೂ ಆಗಿಲ್ಲ, ಇವಳಿಗೇನಾದೀತು ಎಂದುಕೊಂಡೆ.

ನಮ್ಮ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುವಾಕೆ ಸಿರುಗುಪ್ಪದ ಕಡೆಯ ರಾರಾವಿಯವಳು, ಮದುವೆಯಾಗಿ ಕುರುಗೋಡಿಗೆ ಬಂದವಳು. ಅವಳ ಹತ್ತಿರ ಹೋಗಿ ಒಣ ಸಿಪ್ಪೆ ಎತ್ತಿಡು ಎಂದೆ. ಕೂದಲಿಗೆ ಬಣ್ಣ ಮಾಡಿಕೊಳ್ಳುತ್ತೇನೆ ಎಂದು ಸುಳ್ಳು ಹೇಳಿದೆ. ‘ಮಡಿಮಂದಿ ಮನಿಗೆ ಉಳ್ಳಾಗಡ್ಡಿ ಸಿಪ್ಪಿ ಹೊಂಟೈತಿ ಅಂದ್ರ, ಕಾಲ ಕೆಟ್ಟೈತಿ ಬಿಡ್ರಿ ಮೇಡಂ’ ಎಂದು ನಕ್ಕಳು. ಈ ವಯಸ್ಸಿನಲ್ಲಿ ನಿಮ್ಮ ಕೂದಲನ್ನು ಯಾರು ನೋಡಬೇಕು ಎಂದೂ ಕೆಣಕಿದಳು. ಆದರೂ ದಿನಾ ಒಂದು ಚೀಲ ಆರಿಸಿ, ತೊಳೆದು, ಒಣಗಿಸಿ ಇಡುತ್ತಿದ್ದಳು. ಶಾಲೆಯ ಲ್ಯಾಬಿನಲ್ಲಿ ಪಿಂಗಾಣಿಯ ಕುಟ್ಟಾಣಿಯಲ್ಲಿ ಅದನ್ನು ಅರೆದೆ, ತೆಳ್ಳನೆ ಬಟ್ಟೆಯಲ್ಲಿ ಸೋಸಿದೆ. ಒಂದು ಚಿಟಿಕೆಯನ್ನು ಬಿಸಿನೀರಿಗೆ ಹಾಕಿ ಅಡುಗೆ ಸೋಡಾ ಬೆರೆಸಿದಾಗ ಹಳದಿ ಬಣ್ಣ ಗಾಢವಾಯಿತು. ಹಾಗಾದರೆ ಫ್ಲೇವನಾಯ್ಡ್ ಇದೆ ಎಂದು ಹಿಗ್ಗಿದೆ. ಅಲ್ಪವಿದ್ಯಾ ಮಹಾಗರ್ವಿ ಎಂದು ಮಕ್ಕಳಿಗೆ ಹೇಳುವುದು ಸುಲಭ.

ಮನೆಯಲ್ಲಿ ಮೆಣಸು-ಜೀರಿಗೆ ಹುರಿದು ಪುಡಿ ಮಾಡುವವಳು ನಾನೇ. ಆ ಡಬ್ಬಿಯಲ್ಲಿ ನಾಲ್ಕರಲ್ಲೊಂದು ಪಾಲು ಇದನ್ನು ಬೆರೆಸಿದೆ. ಮೊದಲ ದಿನ ತಂಗಿ ಸಾರು ಕಲಸಿಕೊಂಡು ಬಾಯಿಗಿಡುವಾಗ ನಾನು ತುಪ್ಪದ ಚಮಚ ಹಿಡಿದು ಅಲ್ಲೇ ನಿಂತು ನೋಡುತ್ತಿದ್ದೆ. ಅವಳು ಉಂಡಳು. ಮೆಣಸು ಸ್ವಲ್ಪ ಹೆಚ್ಚು ಹುರಿದದ್ದಾ ಎಂದು ಕೇಳಿದಳು. ಹೌದು ಎಂದೆ.

ವಾರ ಕಳೆಯಿತು, ಹತ್ತು ದಿನ ಕಳೆಯಿತು. ಒಂದು ಬೆಳಿಗ್ಗೆ ಹಾಲು ತರಲಿಕ್ಕೆ ಹೊರಟರೆ ಬಾಗಿಲ ಮುಂದೆ ರಂಗೋಲಿ ಇತ್ತು. ಅಮ್ಮ ಹೋದ ಮೇಲೆ ನಮ್ಮ ಬಾಗಿಲಿಗೆ ರಂಗೋಲಿ ಬಿದ್ದದ್ದು ಅದೇ ಮೊದಲು. ಮರುದಿನ ತಂಗಿ ಮಡಿ ಉಟ್ಟು ತಾನೇ ಅಡುಗೆ ಮಾಡುತ್ತೇನೆ ಎಂದಳು. ಸಾರು ಮಾಡಿ, ದೇವರ ಮುಂದೆ ಇಟ್ಟು, ನೈವೇದ್ಯ ತೋರಿಸಿ, ಆಮೇಲೆ ನನಗೂ ಬಡಿಸಿದಳು. ಪುಡಿಯ ಡಬ್ಬಿಯಿಂದ ಎರಡು ಚಮಚ ಹಾಕಿದ್ದು ಅವಳೇ, ಅವಳ ಕೈಯಿಂದಲೇ. ನೈವೇದ್ಯದ ವಿಷಯ ಆಗ ನನ್ನ ತಲೆಗೆ ಬರಲಿಲ್ಲ ಎಂದು ಹೇಳಿದರೆ ಸುಳ್ಳಾಗುತ್ತದೆ. ಬಂತು, ತಳ್ಳಿಹಾಕಿದೆ. ತಂಗಿ ಗೋಡೆಯಿಂದ ಈ ಕಡೆ ತಿರುಗಿದ್ದಾಳೆ, ದೇವರು ಒಂದು ತಿಂಗಳು ಸಹಿಸಿಕೊಳ್ಳಲಿ ಎಂದುಕೊಂಡೆ.

ವ್ರತ ಮುಗಿಯುವ ದ್ವಾದಶಿಯ ಬೆಳಿಗ್ಗೆ ಪಾರಣೆ ಮಾಡಿ ಇಬ್ಬರೂ ಹಜಾರದಲ್ಲಿ ಕೂತಿದ್ದೆವು. ಶಾಲೆಗೆ ರಜೆ. ಅವಳು ಕಚೇರಿಗೆ ಉಡುವ ಸೀರೆಗಳಿಗೆ ಇಸ್ತ್ರಿ ಹಾಕುತ್ತಿದ್ದಳು. ಸೋಮವಾರದಿಂದ ಸಿರುಗುಪ್ಪಕ್ಕೆ ಹೋಗುತ್ತೇನೆ, ಕಚೇರಿಗೆ ಫೋನು ಮಾಡಿ ಹೇಳಿದ್ದೇನೆ, ಬೆಳಗಿನ ಬಸ್ಸು ಈಗಲೂ ಅದೇ ಹೊತ್ತಿಗೇ ಇದೆಯಂತೆ ಎಂದಳು. ನನಗೆ ಕಣ್ಣು ತುಂಬಿ ಬಂತು. ಅಲ್ಲಿಗೆ ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು. ಅವಳು ಸೀರೆ ಮಡಿಸುತ್ತಾ, ನಗುತ್ತಾ, ‘ದೇವರು ಕೈ ಹಿಡಿದ ಅಕ್ಕಾ. ನೀ ಬ್ಯಾಡ ಅಂದಿದ್ದಿ, ವ್ರತಾನೇ ನನ್ನ ಎಬ್ಬಿಸ್ತು ನೋಡು’ ಎಂದಳು.

ಎರಡು ವರ್ಷ ಅವಳನ್ನು ಎಬ್ಬಿಸಲಿಕ್ಕೆ ನಾನು ಪಟ್ಟ ಪಾಡು ನನಗೆ ಗೊತ್ತು. ಅವಳ ತಲೆ ಬಾಚಿದವಳು ನಾನು, ತುತ್ತು ಇಟ್ಟವಳು ನಾನು, ಲ್ಯಾಬಿನಲ್ಲಿ ಕೈ ನೋಯುವ ತನಕ ಅರೆದವಳು ನಾನು. ಹೆಸರು ಮಾತ್ರ ದೇವರಿಗೆ. ಸಿಟ್ಟು ಎಲ್ಲಿಂದ ಏರಿತೋ, ನಾಲಿಗೆ ನನ್ನ ಮಾತು ಕೇಳಲಿಲ್ಲ. ವ್ರತ ಅಲ್ಲವೇ ಹುಚ್ಚಿ, ಉಳ್ಳಾಗಡ್ಡಿ ಎಂದೆ. ಕಿಣ್ವ, ಸೆರೊಟೋನಿನ್, ಸಿಪ್ಪೆ, ಪುಡಿಯ ಡಬ್ಬಿ, ಎಲ್ಲವನ್ನೂ ಹತ್ತನೆಯ ತರಗತಿಗೆ ಪಾಠ ಮಾಡುವ ಹಾಗೆ ಬಿಡಿಸಿ ಹೇಳಿದೆ. ಹೇಳಿ ಮುಗಿಸುವ ತನಕ ನನಗೆ ಗೆದ್ದ ಖುಷಿ ಇತ್ತು.

ಅವಳು ಇಸ್ತ್ರಿಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿ, ಸ್ವಿಚ್ಚು ತೆಗೆದಳು. ಎಷ್ಟು ದಿನ ಎಂದು ಕೇಳಿದಳು. ಇಪ್ಪತ್ತೆರಡು ಎಂದೆ. ‘ದೇವರಿಗೆ ನೈವೇದ್ಯ ಮಾಡೀನಲ್ಲ ಅಕ್ಕಾ, ಅದನ್ನ’ ಎಂದಳು. ಅಷ್ಟೇ. ಎದ್ದು ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡಳು. ವಾಂತಿ ಮಾಡುವ ಸದ್ದು ಕೇಳಿಸಿತು, ಆಮೇಲೆ ತಣ್ಣೀರು ಸುರಿದುಕೊಳ್ಳುವ ಸದ್ದು, ಚೊಂಬಿನ ಮೇಲೆ ಚೊಂಬು. ನಾನು ಬಾಗಿಲು ಬಡಿದೆ. ತಪ್ಪಾಯಿತು ಎಂದೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರಲ್ಲ, ನನ್ನದು ಆಡಿ ಆಗಿತ್ತು.

ಆ ಸಂಜೆ ದೀಪ ಹಚ್ಚಿದ ಮೇಲೆ ಬಟ್ಟಲಿನಲ್ಲಿ ಗುಳಿಗೆ ಇಟ್ಟೆ. ಅವಳು ಅದನ್ನು ಬೆರಳಿನಿಂದ ತಿರುಗಿಸಿ ನೋಡಿದಳು. ಎರಡು ವರ್ಷದಲ್ಲಿ ಮೊದಲ ಸಲ, ಇದೇನು ಎಂದು ಕೇಳಿದಳು. ನಿನ್ನ ಗುಳಿಗೆ ಎಂದೆ. ಬಟ್ಟಲನ್ನು ನನ್ನ ಕಡೆಗೆ ತಳ್ಳಿ ಒಳಗೆ ಹೋದಳು. ಪಟ್ಟಿ ತಂದು ತೋರಿಸಿದೆ, ಆಣೆ ಮಾಡಿದೆ, ಕೊನೆಗೆ ಬೈದೆ. ಏನು ಮಾಡಿದರೂ ತೆಗೆದುಕೊಳ್ಳಲಿಲ್ಲ. ಸೋಮವಾರ ಬಂತು, ಇಸ್ತ್ರಿ ಹಾಕಿದ ಸೀರೆ ಕುರ್ಚಿಯ ಮೇಲೇ ಉಳಿಯಿತು. ನಾನು ಮಾಡಿದ ಅನ್ನ ಮುಟ್ಟಲಿಲ್ಲ, ತಾನೂ ಒಲೆ ಹಚ್ಚಲಿಲ್ಲ. ಪಕ್ಕದ ಮನೆಯವರು ತಂದುಕೊಟ್ಟ ಬಾಳೆಹಣ್ಣನ್ನು ತಾನೇ ಸುಲಿದು ಅರ್ಧ ತಿನ್ನುತ್ತಿದ್ದಳು. ವೈದ್ಯೆಗೆ ಫೋನು ಮಾಡಬೇಕಾಗಿತ್ತು. ಮಾಡಲಿಲ್ಲ, ಯಾಕೆಂದರೆ ಏನಾಯಿತು ಎಂದು ಅವರು ಕೇಳುತ್ತಿದ್ದರು. ಈ ನಾಚಿಕೆಗೇಡನ್ನು ಯಾವ ಬಾಯಿಂದ ಹೇಳುವುದು? ಹನ್ನೆರಡನೆಯ ದಿನ ಬಚ್ಚಲಲ್ಲಿ ಬಿದ್ದಿದ್ದಳು. ಎತ್ತಿದಾಗ ಮೈ ಹಗುರವಾಗಿತ್ತು, ತುಟಿ ಒಣಗಿ ಒಡೆದಿತ್ತು.

ಆಸ್ಪತ್ರೆಯಲ್ಲಿ ಸಲೈನು ಹಚ್ಚಿದರು. ಅದೇ ವೈದ್ಯೆ ಬಂದರು. ನಾನು ಎಲ್ಲವನ್ನೂ ಹೇಳಿದೆ. ಅವರು ಬೈಯಲಿಲ್ಲ, ಬೈದಿದ್ದರೆ ನನಗೆ ಸ್ವಲ್ಪ ಆಸರೆಯಾಗುತ್ತಿತ್ತು. ಗಾಜಿನ ನಳಿಕೆಯಲ್ಲಿ ಕಿಣ್ವದ ಮೇಲೆ ನೇರವಾಗಿ ಹಾಕಿದಾಗ ಆಗುವುದೇ ಬೇರೆ ಎಂದರು. ತಿಂದದ್ದು ಕರುಳಿನಲ್ಲಿ, ಯಕೃತ್ತಿನಲ್ಲಿ ರೂಪ ಬದಲಿಸುತ್ತದೆ, ಮಿದುಳಿನ ತನಕ ಎಷ್ಟು ಮುಟ್ಟುತ್ತದೆ, ಮುಟ್ಟಿದ್ದು ಅಲ್ಲಿ ಏನು ಮಾಡುತ್ತದೆ ಎಂದು ಯಾರೂ ಗಟ್ಟಿಯಾಗಿ ಹೇಳಲಾರರು. ಸೊಪ್ಪು, ಹಣ್ಣು ಚೆನ್ನಾಗಿ ತಿನ್ನುವುದು ಮನಸ್ಸಿಗೂ ಒಳ್ಳೆಯದಿರಬಹುದು, ಅದು ಔಷಧಿಯ ಜಾಗಕ್ಕೆ ಬರುವುದಿಲ್ಲ. ಗುಳಿಗೆ ತಿನ್ನುವವರಿಗೆ ಇಂಥ ಪುಡಿಯನ್ನು ಕೇಳದೆ ಕೊಡಲೇಬಾರದು. ಆಮೇಲೆ ಚೀಟಿ ನೋಡುತ್ತಾ, ಜೂನ್‌ನಲ್ಲಿ ಗುಳಿಗೆ ಹೆಚ್ಚಿಸಿದ್ದೆನಲ್ಲ, ಅದು ಬಲ ತೋರಿಸುವ ಹೊತ್ತೂ ಅದೇ ಎಂದರು. ‘ನೀವು ವಿಜ್ಞಾನದ ಟೀಚರ್ ಅಲ್ವಾ? ಗುಳಿಗೆ, ವ್ರತ, ಪುಡಿ, ಮೂರೂ ಒಟ್ಟಿಗೆ ಬದಲಾದ್ರೆ ಯಾವುದರಿಂದ ಹುಷಾರಾದ್ರು ಅಂತ ಹೇಗೆ ಹೇಳಿದ್ರಿ?’

ಪ್ರತಿ ವರ್ಷ ಎಂಟನೆಯ ತರಗತಿಗೆ ಮೊದಲ ಪಾಠದಲ್ಲೇ ನಾನು ಕಪ್ಪುಹಲಗೆಯ ಮೇಲೆ ಬರೆಯುವುದು ಅದನ್ನೇ, ಒಂದು ಸಲಕ್ಕೆ ಒಂದನ್ನೇ ಬದಲಿಸಿ ನೋಡಬೇಕು ಎಂದು.

ಶಾಲೆಗೆ ಹೋದ ದಿನ ಅಡುಗೆಯಾಕೆಗೂ ನಿಜ ಹೇಳಿದೆ. ಅವಳು ಕೊಟ್ಟ ಸಿಪ್ಪೆ, ಅವಳಿಗೂ ಗೊತ್ತಾಗಬೇಕು ಅನ್ನಿಸಿತು. ಹೆಚ್ಚುತ್ತಿದ್ದ ಈಳಿಗೆಯನ್ನು ಬದಿಗಿಟ್ಟಳು. ರಾರಾವಿಯಲ್ಲಿ ತನ್ನ ಅಕ್ಕನೂ ಹೀಗೇ ವರ್ಷಗಟ್ಟಲೆ ಮೂಲೆ ಹಿಡಿದು ಕೂತಿದ್ದಳಂತೆ, ಯಾರಿಗೂ ಅದು ರೋಗ ಎಂದು ತಿಳಿಯಲಿಲ್ಲವಂತೆ. ‘ನಾವು ಮೂರು ಹೊತ್ತೂ ರೊಟ್ಟಿ ಜೋಡಿ ಉಳ್ಳಾಗಡ್ಡೀನೇ ಕಡಿಯೋ ಮಂದಿ ಅದೀವ್ರಿ ಮೇಡಂ. ನೀವು ಹೇಳಿದ್ದು ಖರೇ ಇದ್ರ ನಮ್ಮಕ್ಕ ಯಾಕ ಹಂಗ ಹೋಗ್ತಿದ್ಲು?’ ಎಂದಳು. ಅಕ್ಕ ಹೇಗೆ ಹೋದಳು ಎಂದು ಕೇಳುವ ಧೈರ್ಯ ನನಗೆ ಬರಲಿಲ್ಲ.

ಹತ್ತು ದಿನದ ಮೇಲೆ ತಂಗಿಯನ್ನು ಮನೆಗೆ ಕರೆದುಕೊಂಡು ಬಂದೆ. ಗುಳಿಗೆ ಮತ್ತೆ ಶುರುವಾಗಿದೆ. ಈಗ ನಾನು ಪಟ್ಟಿಯನ್ನೇ ಅವಳ ಮುಂದೆ ಹಿಡಿಯಬೇಕು, ಅವಳು ಹಿಂದೆ ಮುಂದೆ ತಿರುಗಿಸಿ ನೋಡಿ, ತಾನೇ ಒತ್ತಿ ತೆಗೆದು ನುಂಗುತ್ತಾಳೆ. ಪೂಜೆ ಬಿಟ್ಟಿದ್ದಾಳೆ. ಮರುವರ್ಷ ಪ್ರಥಮ ಏಕಾದಶಿ ಬಂದಾಗ, ಮಠಕ್ಕೆ ಹೋಗೋಣವೇ, ನಾನೂ ನಿನ್ನ ಜೊತೆ ವ್ರತ ಹಿಡಿಯುತ್ತೇನೆ ಎಂದು ನಾನೇ ಕೇಳಿದೆ. ಬೇಡ ಎಂದಳು. ಕೆಲಸಕ್ಕೆ ಹಾಜರಾಗಿ ಎಂದು ಕಚೇರಿಯಿಂದ ಕಾಗದ ಬಂತು. ಕೆಲಸ ಬಿಡುತ್ತೇನೆ ಎಂದು ಅದೇ ಮುತ್ತಿನಂಥ ಅಕ್ಷರದಲ್ಲಿ ಬರೆದುಕೊಟ್ಟಳು. ಮೆಂತ್ಯ, ಪಾಲಕ, ರಾಜಗಿರಿ, ಸೀಬೆಹಣ್ಣು, ಮಾರ್ಕೆಟ್ಟಿನಲ್ಲಿ ಕಂಡದ್ದನ್ನೆಲ್ಲ ತಂದು ಮಾಡಿ ಹಾಕುತ್ತೇನೆ. ಉಣ್ಣುತ್ತಾಳೆ. ರುಚಿ ಹೇಗಿದೆ ಎಂದು ಕೇಳಿದರೆ ಊಟ ಊಟದ ಹಾಗೆ ಇದೆ ಎನ್ನುತ್ತಾಳೆ.

ಆಸ್ಪತ್ರೆಯಿಂದ ಬಂದ ಮೊದಲ ದಿನದ ಊಟವನ್ನು ಮಾತ್ರ ಹೇಳಬೇಕು. ತಟ್ಟೆಯಲ್ಲಿ ಅನ್ನ, ತೊವ್ವೆ ಬಡಿಸಿ ಅವಳ ಮುಂದೆ ಇಟ್ಟೆ. ನಮ್ಮ ಮನೆಯಲ್ಲಿ ಒಬ್ಬರ ತಟ್ಟೆಗೆ ಇನ್ನೊಬ್ಬರ ಕೈ ಸೋಕಿದರೆ ಎಂಜಲು. ಚಿಕ್ಕವಳಿದ್ದಾಗ ನನ್ನ ಬೆರಳು ತಾಗಿತೆಂದು ಅವಳು ಹೋಳಿಗೆಯನ್ನು ಬಿಟ್ಟು ಎದ್ದವಳು. ಅಂಥವಳು ತಟ್ಟೆಯನ್ನು ನನ್ನ ಕಡೆ ಸರಿಸಿ, ‘ನೀ ಮೊದಲು ತಿನ್ನು’ ಎಂದಳು. ಎಂಜಲಾಗುತ್ತದಲ್ಲೇ ಎಂದೆ. ‘ಆಗ್ಲಿ’ ಎಂದಳು. ನಾನು ಒಂದು ತುತ್ತು ಕಲಸಿ ಬಾಯಿಗಿಟ್ಟೆ. ಅವಳು ನನ್ನ ಗಂಟಲನ್ನೇ ನೋಡುತ್ತಿದ್ದಳು. ನುಂಗಿದ್ದು ಕಂಡ ಮೇಲೆ, ನಾನು ಕೈ ಹಾಕಿದ ಅದೇ ತಟ್ಟೆಯನ್ನು ಎಳೆದುಕೊಂಡು, ನಾನು ತುತ್ತು ತೆಗೆದ ಜಾಗದಿಂದಲೇ ಉಣ್ಣಲಿಕ್ಕೆ ಶುರು ಮಾಡಿದಳು. ಅವತ್ತಿನಿಂದ ಇವತ್ತಿನ ತನಕ ಎರಡು ಹೊತ್ತೂ ಹೀಗೇ ನಡೆದಿದೆ. ನಾನು ಶಾಲೆಯಿಂದ ಬರುವುದು ತಡವಾದರೆ, ತಟ್ಟೆ ಮುಂದಿಟ್ಟುಕೊಂಡು ಉಪವಾಸ ಕೂತಿರುತ್ತಾಳೆ.